ನಾಯಿಯ ಮಾತು ಓದೋಣ



ನೀವು ಈಗ ಅಕ್ಷರ ಕಲಿತಿದ್ದೀರಿ. ಶಿರಾ ಗೇಟಿನಲ್ಲಿ ನಿಂತು ಬಸ್ಸಿನ ಬೋರ್ಡು ಓದುತ್ತೀರಿ. ಯಾವ ಊರಿನ ಬಸ್ಸು ಅಂತ ಯಾರನ್ನೂ ಕೇಳಬೇಕಾಗಿಲ್ಲ.

ಬೋರ್ಡಿನ ಹಾಗೆ ಓದಬೇಕಾದ್ದು ಇನ್ನೊಂದಿದೆ. ಅದು ನಾಯಿಯ ಮೈ. ನಾಯಿಗೆ ಬಾಯಿಮಾತು ಬಾರದು. ಆದರೂ ಅದು ದಿನವಿಡೀ ಮಾತಾಡುತ್ತೆ. ಕಣ್ಣಿನಲ್ಲಿ ಮಾತಾಡುತ್ತೆ. ಕಿವಿಯಲ್ಲಿ, ಬಾಯಲ್ಲಿ, ಬಾಲದಲ್ಲಿ ಮಾತಾಡುತ್ತೆ. ಆ ಮಾತು ಓದಲು ಬಂದರೆ ನಮ್ಮ ಮಕ್ಕಳು ಕಡಿತದಿಂದ ಉಳಿಯುತ್ತಾರೆ. ನಾಯಿಯೂ ಏಟಿನಿಂದ ಉಳಿಯುತ್ತೆ.

ಇದನ್ನು ಓದಿ

ಶಿರಾ ಗೇಟಿನ ಹತ್ತಿರ ಒಂದು ಮನೆ ಅಂದುಕೊಳ್ಳಿ. ಮನೆಯಲ್ಲಿ ಅತ್ತೆ ಸಾಕಮ್ಮ, ಸೊಸೆ ಲಕ್ಷ್ಮಿ, ನಾಲ್ಕು ವರ್ಷದ ಪುಟ್ಟಿ. ಅವರ ನಾಯಿ ಕರಿಯ. ಮರಿಯಾಗಿದ್ದಾಗಿನಿಂದ ಈ ಮನೆಯ ಮುದ್ದೆ ತಿಂದು ಬೆಳೆದವನು.

ಒಂದು ಸಂಜೆ ಕರಿಯ ಮುದ್ದೆ ತಿನ್ನುತ್ತಿದ್ದ. ಪುಟ್ಟಿ ಓಡಿ ಬಂದು ಅವನ ಕುತ್ತಿಗೆ ತಬ್ಬಿಕೊಂಡಳು. ಕರಿಯ ತಿನ್ನುವುದನ್ನು ನಿಲ್ಲಿಸಿದ. ಅವನ ಮೈ ಕಲ್ಲಿನ ಹಾಗೆ ಬಿಗಿಯಾಯಿತು. ಮುಖ ಆ ಕಡೆ ತಿರುಗಿಸಿದ. ಆದರೆ ಓರೆಗಣ್ಣು ಪುಟ್ಟಿಯ ಮೇಲೇ ಇತ್ತು. ಕಣ್ಣಿನ ಬಿಳಿ ಎದ್ದು ಕಾಣುತ್ತಿತ್ತು. ಬಾಲದ ತುದಿ ಮಾತ್ರ ಅಲ್ಲಾಡುತ್ತಿತ್ತು.

"ಲಕ್ಷ್ಮೀ, ಮಗೀನ ಈ ಕಡೆ ಕರಿ" ಅಂದರು ಸಾಕಮ್ಮ.

"ಏನೂ ಮಾಡಲ್ಲ ಬಿಡಿ ಅತ್ತೆ. ನಮ್ಮ ಕರಿಯ ಅಲ್ವಾ? ಬಾಲ ಆಡಿಸ್ತಾ ಅವ್ನೆ ನೋಡಿ."

"ಬಾಲ ನೋಡಬ್ಯಾಡ ಕಣಮ್ಮ. ಕಣ್ಣು ನೋಡು. ಬ್ಯಾಡ ಬ್ಯಾಡ ಅಂತಾವ್ನೆ."

ಲಕ್ಷ್ಮಿ ಕೂಗಾಡಲಿಲ್ಲ. ಮಗುವನ್ನು ಎಳೆಯಲೂ ಇಲ್ಲ. "ಪುಟ್ಟಿ, ಬಾ ಇಲ್ಲಿ. ಕಡ್ಲೆಕಾಯಿ ಕೊಡ್ತೀನಿ" ಅಂತ ಮೆಲ್ಲಗೆ ಕರೆದಳು. ಪುಟ್ಟಿ ಕೈ ಬಿಟ್ಟು ಓಡಿ ಬಂದಳು. ಕರಿಯ ಒಂದು ಸಲ ಮೈ ಒದರಿಕೊಂಡ. ಮತ್ತೆ ಮುದ್ದೆಗೆ ಬಾಯಿ ಹಾಕಿದ.

ಸಾಕಮ್ಮ ಏನು ಓದಿದರು? ಮೂರು ಗುರುತು ಓದಿದರು. ಬಿಗಿದ ಮೈ. ತಿರುಗಿಸಿದ ಮುಖ. ಬಿಳಿ ಕಾಣುವ ಓರೆಗಣ್ಣು. ಈ ಮೂರೂ ಸೇರಿದರೆ "ನನ್ನ ಪಾಡಿಗೆ ನನ್ನನ್ನು ಬಿಡು" ಅಂತ ಅರ್ಥ. ಕೊನೆಗೆ ಮೈ ಒದರಿಕೊಂಡನಲ್ಲ, ಅದಕ್ಕೂ ಅರ್ಥ ಇದೆ. "ಅಬ್ಬಾ, ಮುಗೀತು" ಅಂತ. ಮೈ ಒದ್ದೆ ಇಲ್ಲದಾಗಲೂ ನಾಯಿ ಹೀಗೆ ಒದರಿಕೊಳ್ಳುತ್ತೆ.

ಕಣ್ಣು ಏನು ಹೇಳುತ್ತೆ?

ನಾಯಿಯ ನೋಟದಲ್ಲಿ ಬಗೆಬಗೆ ಇದೆ.

ಮೊದಲನೆಯದು ಮೆತ್ತನೆ ನೋಟ. ರೆಪ್ಪೆ ಸ್ವಲ್ಪ ಇಳಿದಿರುತ್ತೆ. ಆಗಾಗ ಕಣ್ಣು ಮಿಟುಕಿಸುತ್ತೆ. ಮೈ ಸಡಿಲವಾಗಿರುತ್ತೆ. ನೀವು ಕೆಲಸ ಮುಗಿಸಿ ಮನೆಗೆ ಬಂದಾಗ ನಿಮ್ಮ ನಾಯಿ ಹೀಗೆ ನೋಡುತ್ತೆ. ಇದು ಪ್ರೀತಿಯ ನೋಟ.

ಎರಡನೆಯದು ಗಟ್ಟಿ ನೋಟ. ಕಣ್ಣು ಮಿಟುಕಿಸುವುದಿಲ್ಲ. ನೋಟ ಒಂದೇ ಕಡೆ ನೆಟ್ಟಿರುತ್ತೆ. ಬಾಯಿ ಮುಚ್ಚಿರುತ್ತೆ. ಮೈ ಅಲ್ಲಾಡುವುದಿಲ್ಲ. ಇದು ಎಚ್ಚರಿಕೆ. ಇಲ್ಲಿಂದ ಮುಂದೆ ಹೋಗಬೇಡಿ.

ಮೂರನೆಯದು ಓರೆ ನೋಟ. ಕರಿಯ ನೋಡಿದ್ದು ಹೀಗೆ. ನಾಯಿಗೆ ಇರುಸುಮುರುಸು ಆದಾಗ ಈ ನೋಟ ಬರುತ್ತೆ.

ನಾಲ್ಕನೆಯದು ತಪ್ಪಿಸುವ ನೋಟ. ನಾಯಿ ಬೇಕೆಂದೇ ಬೇರೆ ಕಡೆ ನೋಡುತ್ತೆ. "ನನಗೆ ಜಗಳ ಬೇಡ" ಅಂತ ಅರ್ಥ. ನಾವು ಬೈಯುವಾಗ ನಾಯಿ ತಲೆ ತಗ್ಗಿಸಿ ಮುಖ ತಿರುಗಿಸುತ್ತೆ ಅಲ್ವಾ? ತಪ್ಪು ಮಾಡಿದ್ದಕ್ಕೆ ನಾಚಿಕೆ ಪಡ್ತಾ ಇದೆ ಅಂತ ನಾವು ಅಂದುಕೊಳ್ಳುತ್ತೇವೆ. ಅದು ನಮ್ಮ ದನಿಗೆ ಹೆದರಿದ ಗುರುತು. ಬೆಳಗ್ಗೆ ಚೆಲ್ಲಿದ ಹಾಲಿಗೆ ಸಂಜೆ ಹೊಡೆದರೆ ನಾಯಿಗೆ ಕಾರಣ ತಿಳಿಯುವುದಿಲ್ಲ. ಭಯ ಮಾತ್ರ ಉಳಿಯುತ್ತೆ.

ನಮ್ಮ ನಾಯಿ ನಮ್ಮ ಕಣ್ಣನ್ನೇ ನೋಡುವುದು ಏಕೆ? ಜಪಾನ್ ದೇಶದ ವಿಜ್ಞಾನಿಗಳು 2015ರಲ್ಲಿ ಒಂದು ಸಂಗತಿ ತಿಳಿಸಿದರು. ನಾಯಿಯೂ ಸಾಕಿದವರೂ ಪ್ರೀತಿಯಿಂದ ನೋಡಿಕೊಂಡರೆ ಇಬ್ಬರ ಮೈಯಲ್ಲೂ ಆಕ್ಸಿಟೋಸಿನ್ ಎಂಬ ರಸ ಹೆಚ್ಚುತ್ತೆ. ತಾಯಿ ಮಗುವಿಗೆ ಹಾಲೂಡಿಸುವಾಗ ಅವಳ ಮೈಯಲ್ಲಿ ಬರುವುದೂ ಇದೇ ರಸ. ಸಾಕಿದ ತೋಳಗಳಲ್ಲಿ ಹೀಗಾಗಲಿಲ್ಲ. ನಾಯಿ ಸಾವಿರಾರು ವರ್ಷ ಮನುಷ್ಯರ ಜೊತೆ ಬಾಳಿದೆ. ನಮ್ಮ ಕಣ್ಣು ನೋಡುವುದನ್ನು ಕಲಿತಿದೆ.

ಆದರೆ ಒಂದು ಮಾತು ನೆನಪಿಡಿ. ಈ ಪ್ರೀತಿಯ ನೋಟ ಪರಿಚಯ ಇದ್ದವರಿಗೆ ಮಾತ್ರ. ಗುರುತಿಲ್ಲದ ನಾಯಿಯನ್ನು ದುರುಗುಟ್ಟಿ ನೋಡಬೇಡಿ. ಅದು ಅದನ್ನು ಜಗಳದ ಕರೆ ಅಂತ ತಿಳಿಯುತ್ತೆ.

ಬಾಲ, ಕಿವಿ, ಬಾಯಿ

ಬಾಲ ಆಡಿಸಿದರೆ ಖುಷಿ ಅಂತ ನಾವೆಲ್ಲ ಹೇಳುತ್ತೇವೆ. ಅದು ಅರ್ಧ ನಿಜ. ಬಾಲ ಆಡಿದರೆ ನಾಯಿಯ ಮನಸ್ಸಿನಲ್ಲಿ ಏನೋ ನಡೆಯುತ್ತಿದೆ ಅಂತ ಅರ್ಥ. ಖುಷಿ ಇರಬಹುದು, ಸಿಟ್ಟೂ ಇರಬಹುದು. ಬಾಲದ ಜೊತೆ ಇಡೀ ಮೈ ನೋಡಬೇಕು.

ಬಾಲ ಸಡಿಲವಾಗಿ ಅಗಲಕ್ಕೆ ಆಡುತ್ತಿದೆ, ಸೊಂಟವೂ ಬಳುಕುತ್ತಿದೆ. ಇದು ಖುಷಿ.

ಬಾಲ ಮೇಲೆದ್ದು ಕಡ್ಡಿಯ ಹಾಗೆ ನಿಂತಿದೆ, ತುದಿ ಮಾತ್ರ ನಡುಗುತ್ತಿದೆ. ಇದು ಎಚ್ಚರಿಕೆ.

ಬಾಲ ಕಾಲಿನ ಸಂದಿಗೆ ಸೇರಿದೆ. ಇದು ಭಯ. ಹೆದರಿದ ನಾಯಿಯೂ ಕಚ್ಚುತ್ತೆ. ಅದನ್ನು ಮೂಲೆಗೆ ಒತ್ತಬೇಡಿ. ಓಡಲು ದಾರಿ ಬಿಡಿ.

ನಮ್ಮ ಊರಿನ ಎಷ್ಟೋ ನಾಯಿಗಳಿಗೆ ಹುಟ್ಟಿನಿಂದಲೇ ಬಾಲ ಡೊಂಕು. ಅದನ್ನು ಸೊಕ್ಕು ಅನ್ನಬೇಡಿ. ನಿಮ್ಮ ನಾಯಿ ಸುಮ್ಮನೆ ಇದ್ದಾಗ ಬಾಲ ಹೇಗಿರುತ್ತೆ ಅಂತ ಮೊದಲು ನೋಡಿಟ್ಟುಕೊಳ್ಳಿ. ಅದು ಬದಲಾದಾಗ ಅರ್ಥ ಹುಡುಕಿ.

ಕಿವಿ ಮುಂದೆ ಚಾಚಿದ್ದರೆ ನಾಯಿ ಏನನ್ನೋ ಗಮನಿಸುತ್ತಿದೆ. ಕಿವಿ ಹಿಂದೆ ತಲೆಗೆ ಅಂಟಿದ್ದರೆ ಹೆದರಿದೆ.

ಬಾಯಿ ತೆರೆದು ನಾಲಿಗೆ ಇಳಿಬಿಟ್ಟಿದ್ದರೆ ಆರಾಮಾಗಿದೆ, ಇಲ್ಲವೇ ಸೆಕೆ ಆಗಿದೆ. ಎದುರಿಗೆ ತಿಂಡಿ ಇಲ್ಲದೆಯೂ ತುಟಿ ನೆಕ್ಕಿಕೊಂಡರೆ, ನಿದ್ದೆ ಬಾರದೆಯೂ ಆಕಳಿಸಿದರೆ, ಅದಕ್ಕೆ ಕಸಿವಿಸಿ ಆಗಿದೆ.

ಮುಂಗಾಲು ನೆಲಕ್ಕೆ ಹಾಸಿ ಹಿಂಭಾಗ ಮೇಲೆತ್ತಿದರೆ "ಆಟಕ್ಕೆ ಬಾ" ಅಂತ ಕರೆಯುತ್ತಿದೆ. ಬೆನ್ನಿನ ಕೂದಲು ನಿಮಿರಿದರೆ ಮನಸ್ಸು ಕೆರಳಿದೆ. ಅಂಗಾತ ಮಲಗಿ ಹೊಟ್ಟೆ ತೋರಿಸಿದರೆ ಸವರು ಅಂತ ಕರೆಯುತ್ತಿರಬಹುದು. ಆದರೆ ಮೈ ಬಿಗಿಯಾಗಿದ್ದು ಬಾಲ ಒಳಗೆ ಸೇರಿದ್ದರೆ, "ನನಗೇನೂ ಮಾಡಬೇಡ" ಅನ್ನುತ್ತಿದೆ. ಆಗ ಮುಟ್ಟಬೇಡಿ.

ಬೊಗಳೋ ನಾಯಿ ಕಚ್ಚಲ್ಲವೇ?

"ಬೊಗಳೋ ನಾಯಿ ಕಚ್ಚಲ್ಲ" ಅನ್ನುವ ಗಾದೆ ನಿಮಗೆ ಗೊತ್ತು. ಜಂಬ ಕೊಚ್ಚುವ ಜನರಿಗೆ ಆ ಗಾದೆ ಸರಿ. ನಾಯಿಯ ವಿಷಯದಲ್ಲಿ ಅದನ್ನು ನಂಬಬೇಡಿ. ಬೊಗಳುವ ನಾಯಿಯೂ ಕಚ್ಚುತ್ತೆ.

ಸಾಮಾನ್ಯವಾಗಿ ನಾಯಿ ಒಂದೊಂದೇ ಮೆಟ್ಟಿಲು ಹತ್ತುತ್ತೆ. ಮೊದಲು ಮುಖ ತಿರುಗಿಸುತ್ತೆ. ಆಮೇಲೆ ದೂರ ಸರಿಯುತ್ತೆ. ಆಮೇಲೆ ಮೈ ಬಿಗಿ ಹಿಡಿಯುತ್ತೆ. ಆಮೇಲೆ ಗುರ್ ಅನ್ನುತ್ತೆ. ಆಮೇಲೆ ಹಲ್ಲು ತೋರಿಸುತ್ತೆ. ಕೊನೆಗೆ ಕಚ್ಚುತ್ತೆ. ನಾವು ಕೆಳಗಿನ ಮೆಟ್ಟಿಲಲ್ಲೇ ಓದಿಕೊಂಡರೆ ಅದು ಮೇಲಿನ ಮೆಟ್ಟಿಲು ಹತ್ತಬೇಕಾಗಿಲ್ಲ.

ನಾಯಿ ಗುರ್ ಅಂದರೆ ಹೊಡೆಯಬೇಡಿ. ಗುರ್ ಅನ್ನುವುದು ಅದರ ಕೊನೆಯ ಮಾತು. ಹೊಡೆದು ಹೊಡೆದು ಆ ಮಾತು ಬಿಡಿಸಿದರೆ ಏನಾಗುತ್ತೆ? ಮುಂದಿನ ಸಲ ಸದ್ದಿಲ್ಲದೆ ಕಚ್ಚುತ್ತೆ. ಗುರ್ ಅಂದಾಗ ಮಗುವನ್ನು ದೂರ ಕರೆಯಿರಿ. ಯಾಕೆ ಗುರ್ ಅಂದಿತು ಅಂತ ಯೋಚಿಸಿ. ಎಲ್ಲಾದರೂ ಗಾಯ, ನೋವು ಇರಬಹುದು.

ನಮ್ಮ ನಾಡಿನ ಕಾಳಿ

ನಾಯಿಯ ನಂಟು ನಮಗೆ ಹೊಸದಲ್ಲ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಒಂದು ಕಲ್ಲು ಸಿಕ್ಕಿತು. ಅದು ಸುಮಾರು ಕ್ರಿ.ಶ. 950ರ ಶಾಸನ. ಅದರಲ್ಲಿ ಕಾಳಿ ಎಂಬ ನಾಯಿಯ ಕಥೆ ಇದೆ. ಮಣಲೆರ ಎಂಬ ವೀರ ಯುದ್ಧದಲ್ಲಿ ಗೆದ್ದು ಬಂದ. ಅರಸ ಮೆಚ್ಚಿ "ಏನು ಬೇಕು, ಕೇಳು" ಅಂದ. ಮಣಲೆರ ಹೊನ್ನು ಕೇಳಲಿಲ್ಲ. ಕಾಳಿಯನ್ನು ಕೇಳಿದ. ಮುಂದೆ ಕಾಳಿ ದೊಡ್ಡ ಕಾಡುಹಂದಿಯ ಜೊತೆ ಹೋರಾಡಿತು. ಎರಡೂ ಸತ್ತವು. ಕಾಳಿಯ ನೆನಪಿಗೆ ಕಲ್ಲು ನಿಲ್ಲಿಸಿದರು. ಅದರ ಪೂಜೆಗೆ ಭೂಮಿಯನ್ನೂ ಬಿಟ್ಟರು. ಆ ಕಲ್ಲನ್ನು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಇಟ್ಟಿದ್ದಾರೆ. ನಾಯಿಯೂ ಹಂದಿಯೂ ಕಾದುವ ಚಿತ್ರ ಅದರ ಮೇಲಿದೆ.

ಬೀದಿ ನಾಯಿ ಎದುರು ಬಂದರೆ

ನಸುಕಿನಲ್ಲಿ ಹಾಲಿಗೆ, ಹೂವಿಗೆ ಹೋಗುವವರು ನೀವು. ರಾತ್ರಿ ಕೆಲಸ ಮುಗಿಸಿ ಬರುವವರೂ ಇದ್ದೀರಿ. ಆಗ ಬೀದಿ ನಾಯಿ ಎದುರಾಗುತ್ತೆ. ಏನು ಮಾಡಬೇಕು?

ಓಡಬೇಡಿ. ಓಡುವುದನ್ನು ಅಟ್ಟಿಸಿಕೊಂಡು ಹೋಗುವುದು ನಾಯಿಯ ಹುಟ್ಟುಗುಣ.

ಕಿರುಚಬೇಡಿ. ಕೈ ಬೀಸಬೇಡಿ.

ಅದರ ಕಣ್ಣಿಗೆ ಕಣ್ಣು ನೆಡಬೇಡಿ. ನೆಲ ನೋಡಿ. ಆದರೆ ಅದು ಎಲ್ಲಿದೆ ಅಂತ ಓರೆಯಾಗಿ ಗಮನಿಸುತ್ತಿರಿ.

ಸ್ವಲ್ಪ ಪಕ್ಕಕ್ಕೆ ತಿರುಗಿ ಮರದ ಹಾಗೆ ನಿಲ್ಲಿ. ಕೈ ಮೈಗೆ ಅಂಟಿರಲಿ. ನಾಯಿ ಮೂಸಿ ನೋಡಬಹುದು. ಆಮೇಲೆ ಮೆಲ್ಲಗೆ ಸರಿಯಿರಿ. ಬೆನ್ನು ತೋರಿಸಿ ಓಡಬೇಡಿ.

ಮೇಲೆ ಎಗರಿದರೆ ಕೈಚೀಲ, ಕೊಡೆ, ಬುಟ್ಟಿ ಯಾವುದನ್ನಾದರೂ ಅಡ್ಡ ಹಿಡಿಯಿರಿ. ಕೆಳಗೆ ಬಿದ್ದರೆ ಮುದುಡಿ ಮಲಗಿ. ಕೈಯಿಂದ ಕುತ್ತಿಗೆ, ಕಿವಿ ಮುಚ್ಚಿಕೊಳ್ಳಿ.

ಮರಿ ಹಾಕಿದ ನಾಯಿಯ ಹತ್ತಿರ ಹೋಗಲೇಬೇಡಿ. ಬಾಣಂತಿಯ ಮಗುವನ್ನು ಗುರುತಿಲ್ಲದವರು ಎತ್ತಿಕೊಂಡರೆ ತಾಯಿ ಸುಮ್ಮನಿರುತ್ತಾಳೆಯೇ?

ಬೀದಿ ನಾಯಿಗಳೆಲ್ಲ ಕೆಟ್ಟವಲ್ಲ. ಅವೂ ನಮ್ಮನ್ನು ಓದುತ್ತವೆ. ನಮ್ಮ ದೇಶದ ಬೀದಿ ನಾಯಿಗಳ ಮೇಲೆ ಕೋಲ್ಕತ್ತದ ವಿಜ್ಞಾನಿಗಳು ಒಂದು ಪರೀಕ್ಷೆ ಮಾಡಿದರು. ಎರಡು ಬಟ್ಟಲು ಇಟ್ಟು ಒಂದರ ಕಡೆ ಕೈ ತೋರಿಸಿದರು. ಅಳುಕಿದ ನಾಯಿಗಳು ಹತ್ತಿರ ಬರಲಿಲ್ಲ. ಹತ್ತಿರ ಬಂದವುಗಳಲ್ಲಿ ಹೆಚ್ಚಿನವು ಕೈ ತೋರಿಸಿದ ಬಟ್ಟಲಿಗೇ ಹೋದವು. ಯಾರೂ ಕಲಿಸದೆ ಅವು ನಮ್ಮ ಸನ್ನೆ ಓದಿದವು. ಇದನ್ನು 2020ರಲ್ಲಿ ಪ್ರಕಟಿಸಿದರು.

ಮಕ್ಕಳಿಗೆ ಕಲಿಸಿ

ಚಿಕ್ಕ ಮಗುವಿನ ಮುಖ ನಾಯಿಯ ಬಾಯಿಯ ಎತ್ತರಕ್ಕೇ ಇರುತ್ತೆ. ಅದಕ್ಕೇ ಮಕ್ಕಳಿಗೆ ಮುಖಕ್ಕೂ ತಲೆಗೂ ಕಡಿತ ಆಗುತ್ತೆ. ನಿಮ್ಮ ಮಕ್ಕಳಿಗೆ ಈ ಮಾತು ಹೇಳಿ:

1. ತಿನ್ನುವ ನಾಯಿ, ಮಲಗಿದ ನಾಯಿ, ಮರಿ ಇರುವ ನಾಯಿ, ಕಟ್ಟಿದ ನಾಯಿ. ಈ ನಾಲ್ಕನ್ನೂ ಮುಟ್ಟಬಾರದು.
2. ನಾಯಿಯನ್ನು ತಬ್ಬಬಾರದು. ಬಾಲ, ಕಿವಿ ಎಳೆಯಬಾರದು. ಕಲ್ಲು ಹೊಡೆಯಬಾರದು.
3. ಬೇರೆಯವರ ನಾಯಿ ಮುಟ್ಟುವ ಮೊದಲು ಅವರನ್ನು ಕೇಳಬೇಕು.
4. ನಾಯಿ ಕಚ್ಚಿದರೆ, ಪರಚಿದರೆ ಅಮ್ಮನಿಗೆ ಕೂಡಲೇ ಹೇಳಬೇಕು.

ನಾಲ್ಕನೆಯ ಮಾತು ಬಹಳ ಮುಖ್ಯ. ಬೈಗುಳಕ್ಕೆ ಹೆದರಿ ಮಕ್ಕಳು ಕಡಿತ ಮುಚ್ಚಿಡುತ್ತಾರೆ. "ಹೇಳಿದರೆ ಬೈಯಲ್ಲ ಕಣೋ" ಅಂತ ಮೊದಲೇ ಮಾತು ಕೊಡಿ. ಐದು ವರ್ಷದೊಳಗಿನ ಮಗುವನ್ನು ನಾಯಿಯ ಜೊತೆ ಒಂಟಿಯಾಗಿ ಬಿಡಬೇಡಿ. ಸಾಕಿದ ನಾಯಿ ಆದರೂ ಸರಿ.

ಕಚ್ಚಿದರೆ

ಎಷ್ಟು ಹುಷಾರಾಗಿದ್ದರೂ ಒಮ್ಮೊಮ್ಮೆ ಕಡಿತ ಆಗಬಹುದು. ಆಗ ತಡ ಮಾಡಬೇಡಿ. ಹರಿಯುವ ನೀರಿನಲ್ಲಿ, ಸೋಪು ಹಾಕಿ, 15 ನಿಮಿಷ ಗಾಯ ತೊಳೆಯಿರಿ. ಅರಿಶಿನ, ಸುಣ್ಣ, ಖಾರದಪುಡಿ, ಕಾಫಿಪುಡಿ ಏನನ್ನೂ ಮೆತ್ತಬೇಡಿ. ಅದೇ ದಿನ ಆಸ್ಪತ್ರೆಗೆ ಹೋಗಿ. ಸರ್ಕಾರಿ ಆಸ್ಪತ್ರೆಯಲ್ಲಿ ಇದರ ಸೂಜಿಗೆ ದುಡ್ಡು ಕೊಡಬೇಕಾಗಿಲ್ಲ.

ಹಿಂದೆ ಹೊಟ್ಟೆಗೆ 14 ಸೂಜಿ ಹಾಕುತ್ತಿದ್ದರು. ಆ ಕಾಲ ಹೋಯಿತು. ಈಗ ತೋಳಿಗೆ ಹಾಕುತ್ತಾರೆ. ರಕ್ತ ಬಂದ ಗಾಯಕ್ಕೆ ಗಾಯದ ಸುತ್ತಲೂ ಇನ್ನೊಂದು ಔಷಧಿ ಹಾಕುತ್ತಾರೆ. ಮುಂದೆ ಯಾವ ಯಾವ ದಿನ ಬರಬೇಕು ಅಂತ ಚೀಟಿಯಲ್ಲಿ ಬರೆದುಕೊಡುತ್ತಾರೆ. ಆ ಚೀಟಿ ನೀವೇ ಓದಿ. ಒಂದು ಸೂಜಿಯನ್ನೂ ತಪ್ಪಿಸಬೇಡಿ. ಹುಚ್ಚುನಾಯಿ ರೋಗ ಕಾಣಿಸಿಕೊಂಡ ಮೇಲೆ ಬದುಕುವುದು ಇಲ್ಲವೆನ್ನುವಷ್ಟು ಅಪರೂಪ. ಮೊದಲೇ ಸೂಜಿ ಹಾಕಿಸಿದರೆ ಜೀವ ಉಳಿಯುತ್ತೆ.

ನಾಯಿಯ ನಡತೆ ಇದ್ದಕ್ಕಿದ್ದಂತೆ ಬದಲಾದರೆ ಎಚ್ಚರ. ಜೊಲ್ಲು ಸುರಿಯುತ್ತೆ. ದವಡೆ ಜೋತು ಬೀಳುತ್ತೆ. ನುಂಗಲು ಆಗುವುದಿಲ್ಲ. ಗಂಟಲಲ್ಲಿ ಮೂಳೆ ಸಿಕ್ಕಿರಬೇಕು ಅಂತ ಬಾಯಿಗೆ ಕೈ ಹಾಕಬೇಡಿ. ದೂರ ಇರಿ, ಪಶು ಆಸ್ಪತ್ರೆಗೆ ತಿಳಿಸಿ. ಸಾಕಿದ ನಾಯಿಗೆ ಮೂರು ತಿಂಗಳಾದಾಗ ಈ ರೋಗದ ಲಸಿಕೆ ಹಾಕಿಸಿ. ಆಮೇಲೆ ಪಶುವೈದ್ಯರು ಹೇಳಿದಂತೆ ವರ್ಷ ವರ್ಷ ಹಾಕಿಸಿ.

ಹೊಸ ಪದಗಳು

ಓರೆಗಣ್ಣು – ಪಕ್ಕಕ್ಕೆ ನೋಡುವ ಕಣ್ಣು
ದುರುಗುಟ್ಟು – ಕಣ್ಣು ಬಿಟ್ಟು ಒಂದೇ ಸಮ ನೋಡು
ಇರುಸುಮುರುಸು – ಮನಸ್ಸಿಗೆ ಹಿತವಿಲ್ಲದಿರುವುದು
ಶಾಸನ – ಕಲ್ಲಿನಲ್ಲಿ ಕೆತ್ತಿದ ಬರಹ

ಬಿಟ್ಟ ಜಾಗ ತುಂಬಿ

1. ಗುರುತಿಲ್ಲದ ನಾಯಿಯನ್ನು ............ ನೋಡಬಾರದು.
2. ಕಚ್ಚಿದ ಗಾಯವನ್ನು ............ ನಿಮಿಷ ತೊಳೆಯಬೇಕು.
3. ಆತಕೂರಿನ ಕಲ್ಲಿನಲ್ಲಿರುವ ನಾಯಿಯ ಹೆಸರು ............

ಕೂಡಿ ಮಾತಾಡಿ

1. ಲಕ್ಷ್ಮಿ ಪುಟ್ಟಿಯನ್ನು ಎಳೆಯದೆ ಮೆಲ್ಲಗೆ ಕರೆದದ್ದು ಏಕೆ?
2. ನಾಯಿ ಗುರ್ ಅಂದಾಗ ಹೊಡೆದರೆ ಏನಾಗುತ್ತೆ?
3. ನಿಮ್ಮ ಬೀದಿಯಲ್ಲಿ ಮಕ್ಕಳು ನಾಯಿಯ ಜೊತೆ ಹೇಗೆ ನಡೆದುಕೊಳ್ಳುತ್ತಾರೆ?

ಮಾಡಿ ನೋಡಿ

ನಾಳೆ ನಿಮ್ಮ ಮನೆಯ ಅಥವಾ ಬೀದಿಯ ಒಂದು ನಾಯಿಯನ್ನು ದೂರದಿಂದ ಗಮನಿಸಿ. ಅದರ ಕಣ್ಣು, ಕಿವಿ, ಬಾಲ ಹೇಗಿದ್ದವು? ಅದು ಏನು ಹೇಳುತ್ತಿತ್ತು? ಮೂರು ವಾಕ್ಯ ಬರೆಯಿರಿ. ಕಲಿಕಾ ಕೇಂದ್ರಕ್ಕೆ ತಂದು ಎಲ್ಲರ ಮುಂದೆ ಓದಿ.