ಜಾಹೀರಾತಿನ ವೇಷದಲ್ಲಿ ಬರುವ ಕಳ್ಳ



ನಮ್ಮಲ್ಲಿ ಬಹುಮಂದಿಗೆ ಇಂದು ಮೊಬೈಲೇ ಬ್ಯಾಂಕು, ಮೊಬೈಲೇ ಮನಿಯಾರ್ಡರು. ಸಂಬಳ ಬಂದ ದಿನ ಊರಿನಲ್ಲಿರುವ ತಾಯಿತಂದೆಗಳಿಗೆ ಹಣ ಹೋಗುವುದು ಅದರಿಂದಲೇ. ಪಾಳಿ ಮುಗಿಸಿ ಬಂದ ಮೇಲೆ ಊರಿನ ಸುದ್ದಿ ಓದುವುದೂ ಅದರಲ್ಲೇ. ಸುದ್ದಿಯ ನಡುನಡುವೆ ಜಾಹೀರಾತುಗಳು ಬರುತ್ತವೆ. ಅವುಗಳ ಮೂಲಕ ಕೇಡಿನ ತಂತ್ರಾಂಶ, ಅಂದರೆ ಮಾಲ್‌ವೇರ್, ಹೇಗೆ ಒಳನುಗ್ಗುತ್ತದೆ, ಅದನ್ನು ಹೇಗೆ ತಡೆಯಬೇಕು ಎಂಬುದೇ ಈ ಸಲದ ಪಾಠ.

“ಕೆಟ್ಟ ತಾಣಗಳಿಗೆ ಹೋದರೆ ತಾನೇ ಭಯ? ನಾವು ಓದುವುದು ಹೆಸರಾಂತ ಪತ್ರಿಕೆ” ಎನ್ನುವವರುಂಟು. ಈ ಮಾತು ಅರ್ಧ ಮಾತ್ರ ಸರಿ. ಅದು ಏಕೆ ಎಂಬುದನ್ನು ಮೊದಲು ನೋಡೋಣ.

ಜಾಹೀರಾತು ಎಲ್ಲಿಂದ ಬರುತ್ತದೆ?

ಕಾಗದದ ಪತ್ರಿಕೆಯವರು ಜಾಹೀರಾತನ್ನು ಮೊದಲೇ ನೋಡಿ, ಅಚ್ಚು ಹಾಕಿ, ಎಲ್ಲರಿಗೂ ಒಂದೇ ಪ್ರತಿಯನ್ನು ಹಂಚುತ್ತಾರೆ. ಜಾಲತಾಣಗಳಲ್ಲಿ ಬಹುಮಟ್ಟಿಗೆ ಹಾಗಲ್ಲ. ಪುಟದಲ್ಲಿ ಒಂದಿಷ್ಟು ಜಾಗವನ್ನು ಖಾಲಿ ಬಿಟ್ಟು ಬಾಡಿಗೆಗೆ ಕೊಡುತ್ತಾರೆ. ನಾವು ಪುಟ ತೆರೆದ ಕ್ಷಣದಲ್ಲಿ ಆ ಜಾಗಕ್ಕಾಗಿ ಯಂತ್ರಗಳ ನಡುವೆ ಹರಾಜು ನಡೆಯುತ್ತದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಹರಾಜು ಮುಗಿದು, ಗೆದ್ದವನ ಜಾಹೀರಾತು ಬೇರೆಲ್ಲಿಯದೋ ಯಂತ್ರದಿಂದ ನಮ್ಮ ಪರದೆಗೆ ಬಂದಿಳಿಯುತ್ತದೆ. ನಡುವೆ ಹಲವು ದಲ್ಲಾಳಿ ಕಂಪನಿಗಳಿರುತ್ತವೆ. ಸುದ್ದಿ ಪತ್ರಿಕೆಯದು, ಜಾಹೀರಾತು ಪರರದು. ಪತ್ರಿಕೆಯ ಮೇಲಿನ ವಿಶ್ವಾಸವನ್ನು ಜಾಹೀರಾತಿಗೂ ಕೊಡುವುದೇ ನಾವು ಮಾಡಬಾರದ ಕೆಲಸ.

ಇನ್ನೊಂದು ಸಂಗತಿ: ಇಂಥ ಜಾಹೀರಾತು ಬರೀ ಚಿತ್ರವಲ್ಲ, ಅದರೊಳಗೆ ಯಂತ್ರಕ್ಕೆ ಆಜ್ಞೆ ಕೊಡುವ ಸಾಲುಗಳೂ ಇರಬಹುದು. ಯಾವ ಊರು, ಯಾವ ಬಗೆಯ ಮೊಬೈಲು, ತಂತ್ರಾಂಶ ಎಷ್ಟು ಹಳೆಯದು ಎಂಬುದನ್ನು ನೋಡಿ ಒಬ್ಬೊಬ್ಬರಿಗೆ ಒಂದೊಂದನ್ನು ತೋರಿಸಬಹುದು. ಪರೀಕ್ಷಿಸುವವನಿಗೆ ಸಾಬೂನಿನ ಜಾಹೀರಾತು ಕಂಡರೆ, ನಮಗೆ ಮೋಸದ್ದು ಕಾಣಬಹುದು.

ನಡೆದ ಎರಡು ಪ್ರಸಂಗಗಳು

ಗಿರಣಿಯ ಬಾಗಿಲಲ್ಲಿ ಕಾವಲುಗಾರನು ಗುತ್ತಿಗೆದಾರನ ಲಾರಿಯನ್ನು ಹತ್ತು ದಿನ ತಪಾಸಣೆ ಮಾಡಿ, ಹನ್ನೊಂದನೆಯ ದಿನ ಮುಖಪರಿಚಯದ ಮೇಲೆ ಬಿಟ್ಟುಬಿಡುವುದುಂಟು. ಕಳ್ಳ ಕಾಯುವುದು ಆ ಹನ್ನೊಂದನೆಯ ದಿನವನ್ನೇ. 2009ರ ಸೆಪ್ಟೆಂಬರಿನಲ್ಲಿ ಅಮೆರಿಕದ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ತಾಣದಲ್ಲಿ ಹೀಗೆಯೇ ಆಯಿತು. ವಾನೇಜ್ ಎಂಬ ದೂರವಾಣಿ ಕಂಪನಿಯ ಹೆಸರು ಹೇಳಿಕೊಂಡು ಜಾಗ ಪಡೆದ ಮೋಸಗಾರರು ಮೊದಲು ಸಾಚಾ ಜಾಹೀರಾತನ್ನೇ ತೋರಿಸಿದರು. ವಾರದ ಕೊನೆಯಲ್ಲಿ ಅದನ್ನು ಬದಲಿಸಿದರು. ವಾಚಕರ ಪರದೆಯ ಮೇಲೆ ವೈರಸ್ ತಗುಲಿದೆಯೆಂಬ ಹುಸಿ ಎಚ್ಚರಿಕೆ ಮೂಡಿ, ಪರಿಹಾರವೆಂದು ನಕಲಿ ತಂತ್ರಾಂಶವನ್ನು ಮುಂದೊಡ್ಡಿತು.

2016ರ ಮಾರ್ಚಿನಲ್ಲಿ ನ್ಯೂಯಾರ್ಕ್ ಟೈಮ್ಸ್, ಬಿಬಿಸಿ ಮೊದಲಾದ ದೊಡ್ಡ ತಾಣಗಳಿಗೆ ಇಂಥ ಜಾಹೀರಾತುಗಳು ಮತ್ತೆ ನುಗ್ಗಿದವು. ಆಗ ಒತ್ತುವ ಅಗತ್ಯವೂ ಇರಲಿಲ್ಲ. ತಂತ್ರಾಂಶವನ್ನು ನವೀಕರಿಸದೆ ಬಿಟ್ಟಿದ್ದ ಗಣಕಯಂತ್ರಗಳಲ್ಲಿ, ಪುಟ ತೆರೆದರೇ ಕೇಡು ಒಳಹೊಕ್ಕು, ಕಡತಗಳಿಗೆ ಬೀಗ ಜಡಿದು ಹಣ ಕೇಳಬಹುದಿತ್ತು. ಅದೇ ವೇಳೆಗೆ ಬಯಲಾದ ಒಂದು ಉಪಾಯ ಕೇಳಿ: ಒಂದು ಜಾಹೀರಾತು ಕಂಪನಿಯ ಜಾಲವಿಳಾಸದ ಅವಧಿ ಮುಗಿದಿತ್ತು; ಕಳ್ಳರು ಅದನ್ನು ಕೊಂಡು, ಆ ಹಳೆಯ ಹೆಸರಿನ ಬಲದಿಂದ ವ್ಯವಹಾರಕ್ಕಿಳಿದರು.

ನಮ್ಮ ಕೈಯಿಂದಲೇ ಬಾಗಿಲು ತೆರೆಸುವ ಬಗೆ

ಬ್ರೌಸರುಗಳು ಈಗ ಹಿಂದಿಗಿಂತ ಭದ್ರವಾಗಿವೆ. ಆದ್ದರಿಂದ ಕಳ್ಳರು ನಮ್ಮಿಂದಲೇ ಅಗುಳಿ ತೆಗೆಸಲು ನೋಡುತ್ತಾರೆ. ಅವರ ವೇಷಗಳು ಮುಖ್ಯವಾಗಿ ಮೂರು.

ಮೊದಲನೆಯದು ಭಯ: “ನಿಮ್ಮ ಮೊಬೈಲಿನಲ್ಲಿ ವೈರಸ್ ಇದೆ, ಈಗಲೇ ಒತ್ತಿ.” ಜಾಲಪುಟವೊಂದಕ್ಕೆ ನಮ್ಮ ಮೊಬೈಲನ್ನು ಜಾಲಾಡಿ ವೈರಸ್ ಎಣಿಸುವ ಶಕ್ತಿಯೇ ಇಲ್ಲವೆಂದು ತಿಳಿದವನು ಹೆದರುವುದಿಲ್ಲ.

ಎರಡನೆಯದು ಆಸೆ: ಕೂಡಲೇ ಸಾಲ, ಮನೆಯಲ್ಲಿ ಕೂತು ಸಂಪಾದನೆ, ಬಹುಮಾನ. ಒತ್ತಿದರೆ ಎಪಿಕೆ ಎಂಬ ಕಡತ ಇಳಿಯುತ್ತದೆ. ಅದು ಎಸ್ಸೆಮ್ಮೆಸ್ ಓದಲು ಅನುಮತಿ ಬೇಡುತ್ತದೆ. ಕೊಟ್ಟರೆ, ಬ್ಯಾಂಕಿನಿಂದ ಬರುವ ಒಟಿಪಿಯನ್ನು ನಮಗಿಂತ ಮೊದಲು ಕಳ್ಳನೇ ಓದಿಯಾನು.

ಮೂರನೆಯದು ನಕಲಿ ಹೆಸರು. ಬ್ಯಾಂಕಿನ ಸಹಾಯವಾಣಿಯನ್ನು ಗೂಗಲಿನಲ್ಲಿ ಹುಡುಕಿದಾಗ ಮೇಲ್ತುದಿಯಲ್ಲಿ ‘ಪ್ರಾಯೋಜಿತ’ ಎಂಬ ಗುರುತಿನೊಡನೆ ಬರುವುದು ಹಣ ತೆತ್ತು ಹಾಕಿಸಿದ ಜಾಹೀರಾತು. ಈ ದಾರಿಯ ಮೋಸದ ಬಗ್ಗೆ ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐ 2022ರ ಡಿಸೆಂಬರಿನಲ್ಲಿ ಜನರನ್ನು ಎಚ್ಚರಿಸಿತು. ಹುಡುಕುವಾಗ ಜಾಹೀರಾತು ತಡೆಯುವ ಸಾಧನ ಬಳಸಿರೆಂದೂ ಸಲಹೆಯಿತ್ತಿತು.

ಪಾಲಿಸತಕ್ಕ ನಿಯಮಗಳು

1. ಮೊಬೈಲು ಮತ್ತು ಬ್ರೌಸರಿನ ನವೀಕರಣ ಬಂದೊಡನೆ ಹಾಕಿಕೊಳ್ಳತಕ್ಕದ್ದು. ಅದನ್ನು ಸೆಟ್ಟಿಂಗ್ಸಿನಿಂದ ಅಥವಾ ಪ್ಲೇ ಸ್ಟೋರಿನಿಂದ ಮಾತ್ರ ಮಾಡಬೇಕು. ಜಾಹೀರಾತು ಹೇಳಿತೆಂದು ಮಾಡಕೂಡದು.

2. ಜಾಹೀರಾತಿನಿಂದ ಯಾವ ಆಪನ್ನೂ ಇಳಿಸಿಕೊಳ್ಳಕೂಡದು. ಪ್ಲೇ ಪ್ರೊಟೆಕ್ಟ್ ಕಾವಲನ್ನು ಆರಿಸೆಂದು ಹೇಳಿದರೆ, ಹೇಳಿದವನು ಕಳ್ಳನೆಂದೇ ತಿಳಿಯಿರಿ.

3. ಬ್ಯಾಂಕಿನ ದೂರವಾಣಿ ಸಂಖ್ಯೆಯನ್ನು ಡೆಬಿಟ್ ಕಾರ್ಡಿನ ಹಿಂಬದಿಯಿಂದ ಅಥವಾ ಪಾಸ್‌ಬುಕ್ಕಿನಿಂದ ತೆಗೆದುಕೊಳ್ಳಬೇಕು.

4. ಹೆದರಿಸುವ ಕಿಟಕಿ ಬಂದರೆ ಅದರಲ್ಲಿರುವ ಗುಣಾಕಾರ ಚಿಹ್ನೆಯನ್ನು ಒತ್ತಬೇಡಿ, ಅದೂ ಬಲೆಯಾಗಿರಬಹುದು. ಬ್ರೌಸರನ್ನೇ ಪೂರ್ತಿ ಮುಚ್ಚಿ.

5. ಫೈರ್‌ಫಾಕ್ಸ್ ಬ್ರೌಸರಿಗೆ ಯುಬ್ಲಾಕ್ ಒರಿಜಿನ್ ಎಂಬ ಉಚಿತ ತಡೆಸಾಧನವನ್ನು ಆಂಡ್ರಾಯ್ಡ್ ಮೊಬೈಲಿನಲ್ಲೂ ಸೇರಿಸಬಹುದು. ಜಾಹೀರಾತಿನ ಆದಾಯದಿಂದಲೇ ಪತ್ರಿಕೆಗಳು ಬದುಕುತ್ತವೆ, ನಿಜ. ಮೆಚ್ಚಿನ ಪತ್ರಿಕೆಗೆ ಚಂದಾ ಕೊಟ್ಟು ಆ ಋಣ ತೀರಿಸೋಣ.

ಕೇಡು ಸಂಭವಿಸಿದರೆ

ಮೊದಲು ಮೊಬೈಲಿನ ಡೇಟಾ ಮತ್ತು ವೈಫೈ ಆರಿಸಿ. ಕೋಣೆಯ ಗೆಳೆಯರ ಮೊಬೈಲಿನಿಂದ ಬ್ಯಾಂಕಿಗೆ ಕರೆಮಾಡಿ ಖಾತೆಯ ವ್ಯವಹಾರ ತಡೆಹಿಡಿಸಿ. ಹಣ ಹೋಗಿದ್ದರೆ ಸರ್ಕಾರದ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ತಿಳಿಸಿ. ಗುಪ್ತಪದಗಳನ್ನು ಬೇರೆ ಯಂತ್ರದಿಂದ ಬದಲಿಸಿ. ಅನುಮಾನದ ಆಪನ್ನು ತೆಗೆದುಹಾಕಿ. ತೆಗೆಯಲು ಬಾರದಿದ್ದರೆ ಮೊಬೈಲನ್ನು ಫ್ಯಾಕ್ಟರಿ ರೀಸೆಟ್ ಮಾಡಿಸಬೇಕು. 2017ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಸೈಬರ್ ಸ್ವಚ್ಛತಾ ಕೇಂದ್ರದ ತಾಣದಲ್ಲಿ ಶುದ್ಧೀಕರಣದ ಉಚಿತ ಸಾಧನಗಳುಂಟು.

ಎಲ್ಲಕ್ಕಿಂತ ಮುಖ್ಯವಾಗಿ, ನಾಚಿಕೆಯಿಂದ ಮುಚ್ಚಿಡಬೇಡಿ. ಕದ್ದ ಹಣ ಖಾತೆಯಿಂದ ಖಾತೆಗೆ ಬೇಗ ಬೇಗ ಸಾಗುತ್ತದೆ. ಬೆಳಿಗ್ಗೆ ಹೇಳೋಣವೆಂದು ಕಳೆದ ರಾತ್ರಿಯಲ್ಲೇ ತಿಂಗಳ ದುಡಿಮೆ ಕೈಮೀರಿ ಹೋದೀತು. ಓದು ಬಾರದ ಗೆಳೆಯನಿಗೂ ಈ ಸಂಖ್ಯೆಯನ್ನು ಬಾಯಿಪಾಠ ಮಾಡಿಸಿ.

ಮನನಕ್ಕೆ ಪ್ರಶ್ನೆಗಳು

1. ಒಳ್ಳೆಯ ತಾಣದಲ್ಲೂ ಕೆಟ್ಟ ಜಾಹೀರಾತು ಬರಲು ಕಾರಣವೇನು?
2. ‘ವೈರಸ್ ಇದೆ’ ಎಂದು ಹೇಳುವ ಪುಟವನ್ನು ಏಕೆ ನಂಬಬಾರದು?
3. ನಿಮ್ಮ ಬ್ಯಾಂಕಿನ ಸಹಾಯವಾಣಿ ಸಂಖ್ಯೆಯನ್ನು ಮೊಬೈಲಿನ ಹೊರಗೆ ಎಲ್ಲಿ ಬರೆದಿಟ್ಟಿದ್ದೀರಿ?

ಮೂರನೆಯ ಪ್ರಶ್ನೆಗೆ ಉತ್ತರವಿಲ್ಲದವರು ಇಂದೇ ಒಂದು ಚೀಟಿಯಲ್ಲಿ ಬರೆದು ಜೇಬಿನಲ್ಲಿಟ್ಟುಕೊಳ್ಳಲಿ.