ಹಳೇ ಕಾರಿಗೆ ಹೊಸ ರಬ್ಬರ್

ಹಳೇ ಕಾರು ಸಾಕುವವರಲ್ಲಿ ಒಂದು ನಂಬಿಕೆ ಬೇರೂರಿದೆ: ಹಳೇ ಸ್ಟಾಕಿನ ‘ಕಂಪನಿ ಮಾಲು’ ಕಂಡರೆ ಎಷ್ಟಾದರೂ ಕೊಟ್ಟು ಎತ್ತಿಕೊಳ್ಳಬೇಕು, ಈಗ ತಯಾರಾಗುವ ನಕಲಿಗೆ ಕೈ ಹಾಕಬಾರದು. ನನ್ನ ಪ್ರೀಮಿಯರ್ ಪದ್ಮಿನಿಯ ಖರ್ಚಿನ ಪುಸ್ತಕ ಇದನ್ನು ಅರ್ಧ ಮಾತ್ರ ಒಪ್ಪುತ್ತದೆ. ತಗಡಿಗೆ, ಕ್ರೋಮಿಗೆ ಈ ಮಾತು ಸರಿ. ರಬ್ಬರಿಗೆ ದಂಡ, ಮೇಲಾಗಿ ಅಪಾಯ.

ಫಿಯೆಟ್ 1100 ಮೂಲದ ಈ ಕಾರು ಮುಂಬೈಯ ಕುರ್ಲಾದಲ್ಲಿ ತಯಾರಾಗುತ್ತಿತ್ತು. ಉತ್ಪಾದನೆ ನಿಂತದ್ದು 2000ದ ಆಸುಪಾಸಿನಲ್ಲಿ. ಹಾಗಾಗಿ ಕಂಪನಿ ಕಾಲದ ರಬ್ಬರ್ ಸಿಕ್ಕಿತೆಂದರೆ ಅದರ ವಯಸ್ಸು ಕಡಿಮೆಯೆಂದರೂ ಸುಮಾರು 25 ವರ್ಷ. ಗೋಡೌನಿನಲ್ಲಿ ಸುಮ್ಮನೆ ಕೂತಿದ್ದರೂ ಗಾಳಿ ತಾಗಿ ರಬ್ಬರ್ ಗಡುಸಾಗುತ್ತದೆ, ಬಿರಿಯುತ್ತದೆ.

ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಯೊಂದರಲ್ಲಿ ಬ್ರೇಕಿನ ಮಾಸ್ಟರ್ ಸಿಲಿಂಡರ್ ಕಿಟ್ ಕೇಳಿದಾಗ ಮಾಲೀಕರು ಅಟ್ಟದಿಂದ ಒಂದು ಡಬ್ಬ ಇಳಿಸಿದರು. ಬಣ್ಣ ಮಾಸಿದ ರಟ್ಟು, ಒಳಗೆ ಎಣ್ಣೆ ಕಾಗದ, ಅದರೊಳಗೆ ಮಿರಿಮಿರಿ ಮಿಂಚುವ ರಬ್ಬರ್ ಕಪ್ಪುಗಳು. “ಕಂಪನಿ ಮಾಲು ಸಾರ್, ಇನ್ನು ಹುಡುಕಿದ್ರೂ ಸಿಗಲ್ಲ” ಅಂದರು. ಬೆಲೆ ಹೊಸ ಕಿಟ್ಟಿನ ಮೂರು ಪಟ್ಟು. ನನ್ನ ಜೊತೆ ಬಂದಿದ್ದ ಮೇಸ್ತ್ರಿ ಒಂದು ಕಪ್ಪನ್ನು ಎತ್ತಿಕೊಂಡು, ಅಂಚನ್ನು ಹೆಬ್ಬೆರಳಿನಿಂದ ಹೊರಕ್ಕೆ ಮಡಚಿ, ಬೀದಿಯ ಬೆಳಕಿಗೆ ಹಿಡಿದರು. ಸುತ್ತಲೂ ಕೂದಲೆಳೆಯಷ್ಟು ಸಣ್ಣ ಬಿರುಕುಗಳು. “ಬ್ರೇಕ್ ತುಳಿದಾಗ ಆಯಿಲ್ ತಡೆಯೋದೇ ಈ ಅಂಚು ಸಾರ್. ಇದು ಬಿಟ್ಕೊಂಡ್ರೆ ಪೆಡಲ್ ನೆಲಕ್ಕೆ ಹೋಗುತ್ತೆ.” ಅಲ್ಲೇ ಪಕ್ಕದಲ್ಲಿದ್ದ, ತಯಾರಿಕೆಯ ತಿಂಗಳು ಅಚ್ಚಾಗಿದ್ದ ಹೊಸ ಕಿಟ್ಟನ್ನೇ ಬಿಲ್ ಸಮೇತ ತಂದೆವು. ಬಾಗಿಲ ಬೀಡಿಂಗ್, ರೇಡಿಯೇಟರ್ ಹೋಸ್, ಎಂಜಿನ್ ಮೌಂಟಿಂಗ್ ಎಲ್ಲಕ್ಕೂ ಇದೇ ಲೆಕ್ಕ: ಉಗುರು ಒತ್ತಿ ನೋಡಿ, ಗುಳಿ ತಕ್ಷಣ ತುಂಬಿಕೊಳ್ಳದಿದ್ದರೆ ಡಬ್ಬದ ಮೇಲೆ ಯಾವ ಹೆಸರಿದ್ದರೂ ಬೇಡ.

ತಗಡಿನ ಕತೆ ಬೇರೆ. ಎಡಗಡೆ ಮುಂದಿನ ಮಡ್‌ಗಾರ್ಡಿಗೆ ನಕಲು ಭಾಗ ಸುಮಾರು 4,000 ರೂಪಾಯಿಗೆ ಬಂತು. ಬಣ್ಣಕ್ಕೆ ಮುಂಚೆ ನಾಲ್ಕು ಬೋಲ್ಟಿನಲ್ಲಿ ನಿಲ್ಲಿಸಿ ನೋಡಿದರೆ ಬಾನೆಟ್ಟಿನ ಸಂದು ಒಂದು ತುದಿಯಲ್ಲಿ ಬೆರಳು ತೂರುವಷ್ಟು, ಇನ್ನೊಂದು ತುದಿಯಲ್ಲಿ ತಗಡಿಗೆ ತಗಡು ಉಜ್ಜುವಷ್ಟು. ಹೊಂದಿಸಲು ಟಿಂಕರಿಂಗ್‌ನವರು ಹೇಳಿದ ಕೂಲಿ 9,000. ವಾಪಸ್ ಕೊಟ್ಟೆ. ಆಮೇಲೆ ಶಿವಾಜಿನಗರದ ಗುಜರಿಯಲ್ಲಿ ಸಿಕ್ಕ ಮೂಲ ಮಡ್‌ಗಾರ್ಡಿನ ತುಕ್ಕು ಹಿಡಿದ ಕೆಳಅಂಚನ್ನು ಕತ್ತರಿಸಿ, ಹೊಸ ತಗಡು ವೆಲ್ಡ್ ಮಾಡಿಸಿ ಕೂರಿಸುವಷ್ಟರಲ್ಲಿ ಎಲ್ಲಾ ಸೇರಿ ಏಳೂವರೆ ಸಾವಿರ. ಅಂಗಡಿಯವರ ಹತ್ತಿರ ಮೊದಲೇ ಮಾತಾಡಿಕೊಳ್ಳಬೇಕು: ಕೂರದಿದ್ದರೆ ವಾಪಸ್ ತಗೋಬೇಕು ಅಂತ. ಬಣ್ಣ ಬಿದ್ದ ತಗಡನ್ನು ಯಾರೂ ಮುಟ್ಟುವುದಿಲ್ಲ.

ನಕಲುಗಳೆಲ್ಲ ಒಂದೇ ಜಾತಿಯಲ್ಲ. ಇಂಗ್ಲೆಂಡಿನಲ್ಲಿ ಬ್ರಿಟಿಷ್ ಮೋಟಾರ್ ಹೆರಿಟೇಜ್ ಸಂಸ್ಥೆ 1988ರಿಂದ ಎಂಜಿಬಿ ಕಾರಿನ ಇಡೀ ಬಾಡಿಯನ್ನು ಕಾರ್ಖಾನೆಯ ಹಳೇ ಅಚ್ಚುಗಳನ್ನೇ ಬಳಸಿ ಮತ್ತೆ ತಯಾರಿಸಿತು. ಅಂಥದ್ದಕ್ಕೆ ದುಡ್ಡು ಸುರಿಯುವುದರಲ್ಲಿ ಅರ್ಥವಿದೆ. ಆಗಲೇ ಡೊಂಕಾದ ಹಳೇ ತಗಡನ್ನು ನೋಡಿ ಅಳತೆ ತೆಗೆದರೆ ಆ ಡೊಂಕೂ ಹೊಸದರಲ್ಲಿ ಬರುತ್ತದೆ.

ಬಂಪರನ್ನು ಹೊಸದಾಗಿ ಕೊಳ್ಳುವ ಬದಲು ಇರುವುದಕ್ಕೇ ಮತ್ತೆ ಕ್ರೋಮ್ ಹಾಕಿಸಿ. ತಡೆಯುವ ಶಕ್ತಿ ಇರುವುದು ಕ್ರೋಮಿನ ಕೆಳಗಿನ ನಿಕಲ್ ಪದರದಲ್ಲಿ. ಅಗ್ಗದ ಬಂಪರುಗಳಲ್ಲಿ ಉಳಿಸುವುದು ಅದನ್ನೇ. ಒಂದು ಮಳೆಗಾಲಕ್ಕೆ ಚುಕ್ಕೆ ಚುಕ್ಕೆ ತುಕ್ಕು.

ಬಿಚ್ಚಿದ ಮೂಲ ಭಾಗಗಳನ್ನು ದಯವಿಟ್ಟು ಗುಜರಿಗೆ ಹಾಕಬೇಡಿ. 2021ರ ಕೇಂದ್ರ ನಿಯಮದ ಪ್ರಕಾರ 50 ವರ್ಷ ದಾಟಿದ ಕಾರನ್ನು ‘ವಿಂಟೇಜ್’ ಎಂದು ನೋಂದಾಯಿಸಬಹುದು; ಶುಲ್ಕ 20,000 ರೂಪಾಯಿ. ಆದರೆ ಛಾಸಿ, ಬಾಡಿ, ಎಂಜಿನ್ ಬದಲಾಗಿರಬಾರದು. ಬಿಲ್ಲುಗಳನ್ನೂ ಎತ್ತಿಡಿ. 5 ವರ್ಷ ಮೀರಿದ ವಾಹನದ ವಿಮಾ ಮೌಲ್ಯ ನಿಗದಿಯಾಗುವುದು ವಿಮಾ ಕಂಪನಿಯೂ ಮಾಲೀಕರೂ ಒಪ್ಪಿಕೊಂಡ ಮೊತ್ತಕ್ಕೆ. ನವೀಕರಣದ ಹೊತ್ತಿಗೆ ಬಿಲ್ಲು, ಫೋಟೊಗಳ ಕಡತ ಹಿಡಿದು ಕೂತರೆ ಹತ್ತಿಪ್ಪತ್ತು ಸಾವಿರಕ್ಕೆ ನಿಲ್ಲುವ ಮೊತ್ತವನ್ನು ಮೇಲಕ್ಕೆ ಕೇಳಲು ಆಧಾರ ಸಿಗುತ್ತದೆ.