ಒಂದೇ ಮಾಳ, ಮೂರು ಪಾಲು

8 ಮತ್ತು 9ನೇ ತರಗತಿಗೆ ಪರಿಸರ ಪಾಠ. ಬೇಕಾಗುವ ಸಮಯ: ವರ್ಗದಲ್ಲಿ ಎರಡು ತಾಸು, ಹೊರಗೆ ಅರ್ಧ ದಿನ.



ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಭಾಗದ ನಮ್ಮ ಬಹಳಷ್ಟು ಶಾಲೆಗಳಿಂದ ಅರ್ಧ ತಾಸು ನಡೆದರೆ ಒಂದು ಮಾಳ ಸಿಗುತ್ತದೆ. ತೆಳು ಮಣ್ಣು, ನಡುನಡುವೆ ಕಲ್ಲು, ಮಳೆಗಾಲದಲ್ಲಿ ಹಸಿರು, ಉಳಿದ ಎಂಟು ತಿಂಗಳು ಹಳದಿ. ಊರಿನವರು ಅದನ್ನು ಗಾಯರಾನ ಅಂತಾರೆ. ಕರ್ನಾಟಕದಲ್ಲಿ ಇದಕ್ಕೆ ಗೋಮಾಳ ಎಂದು ಹೆಸರು. ಹೊಸೂರು, ತಾಳವಾಡಿ ಕಡೆಯ ದಾಖಲೆಗಳಲ್ಲಿ ಮೇಯ್ಚಲ್ ಪುರಂಬೋಕು. ಆಂಧ್ರ, ತೆಲಂಗಾಣದಲ್ಲಿ ಬಂಚರಾಯಿ. ಹೆಸರು ಬೇರೆಯಾದರೂ ಅರ್ಥ ಒಂದೇ: ಊರ ದನಕುರಿ ಮೇಯಲು ಬಿಟ್ಟ ಸಾರ್ವಜನಿಕ ಭೂಮಿ.

ಮಕ್ಕಳನ್ನು ಕೇಳಿ ನೋಡಿ: "ಮಾಳದಲ್ಲಿ ಏನಿದೆ?" ಬಹುತೇಕರು "ಏನೂ ಇಲ್ಲರಿ ಸರ" ಅಂತಾರೆ. ದೇಶದ ಪಾಳುಭೂಮಿ ನಕಾಶೆಯೂ ಇಂಥ ಕುರುಚಲು ಮಾಳಗಳನ್ನು ಪಾಳು ಎಂದೇ ಎಣಿಸುತ್ತದೆ. ಈ "ಏನೂ ಇಲ್ಲ" ಎಂಬ ಮಾತನ್ನು ಪರೀಕ್ಷಿಸುವುದೇ ನಮ್ಮ ಪಾಠ. ವಿಶ್ವಸಂಸ್ಥೆ 2026ನೇ ಇಸವಿಯನ್ನು ಹುಲ್ಲುಗಾವಲು ಮತ್ತು ಪಶುಪಾಲಕರ ಅಂತರರಾಷ್ಟ್ರೀಯ ವರ್ಷ ಎಂದು ಸಾರಿದೆ. ಪಾಠ ಮಾಡಲು ಅದೂ ಒಂದು ನೆಪ.

ಮೊದಲು ಹುಲ್ಲಿನ ಲೆಕ್ಕ

ಗಿಡದ ಚಿಗುರು ಚಿವುಟಿದರೆ ಆ ಕೊಂಬೆ ಅಲ್ಲಿಗೇ ನಿಲ್ಲುತ್ತದೆ. ಹುಲ್ಲು ಹಾಗಲ್ಲ. ಅದರ ಎಲೆ ಬುಡದಿಂದ ಬೆಳೆಯುತ್ತದೆ, ಬೆಳೆಯುವ ಭಾಗ ನೆಲಕ್ಕೆ ಹತ್ತಿಕೊಂಡಿರುತ್ತದೆ. ಕುರಿ ಮೇಲಿನ ತುದಿ ತಿಂದರೂ ಬುಡ ಉಳಿದರೆ ಮತ್ತೆ ಏಳುತ್ತದೆ. ಹುಲ್ಲು ಮತ್ತು ಮೇಯುವ ಪ್ರಾಣಿ ಲಕ್ಷಾಂತರ ವರ್ಷ ಜೊತೆಜೊತೆಗೆ ಬೆಳೆದು ಬಂದ ಗುರುತು ಇದು.

ಆದರೆ ಅದಕ್ಕೊಂದು ಮಿತಿ ಉಂಟು. ಏಳಲು ಬಿಡದೆ ಮತ್ತೆ ಮತ್ತೆ ಮೇಯಿಸಿದರೆ ಬೇರು ಸೊರಗುತ್ತದೆ. ಆಗ ಮೊದಲು ಕಾಣೆಯಾಗುವುದು ಕುರಿ ಇಷ್ಟಪಟ್ಟು ತಿನ್ನುವ ಮಾರ್ವೇಲ್, ಪವನ್ಯಾದಂಥ ಹುಲ್ಲು. ಅದರ ಜಾಗಕ್ಕೆ ಕುಸಳಿ ಬರುತ್ತದೆ. ಕುಸಳಿಯ ಮುಳ್ಳುಬೀಜ ನಮ್ಮ ಪ್ಯಾಂಟಿಗೂ ಕುರಿಯ ಉಣ್ಣೆಗೂ ಚುಚ್ಚಿಕೊಳ್ಳುತ್ತದೆ. ಬಲಿತ ಮೇಲೆ ಕುರಿ ಅದನ್ನು ಮುಟ್ಟುವುದಿಲ್ಲ. ಇನ್ನೂ ಕೆಟ್ಟರೆ ಬರೀ ನೆಲ, ಮೇಲೆ ಬಳ್ಳಾರಿ ಜಾಲಿ. ಆದ್ದರಿಂದ ಮಾಳದ ಆರೋಗ್ಯ ತಿಳಿಯಲು ಯಂತ್ರ ಬೇಕಿಲ್ಲ. ಮಾರ್ವೇಲ್ ಎಷ್ಟು, ಕುಸಳಿ ಎಷ್ಟು, ಬರೀ ನೆಲ ಎಷ್ಟು ಎಂದು ಎಣಿಸಿದರೆ ಸಾಕು.

ಹಾಗಂತ ಪೂರ್ತಿ ಬೇಲಿ ಹಾಕಿ ವರ್ಷಗಟ್ಟಲೆ ಬಿಟ್ಟರೂ ಮಾಳ ಸರಿ ಹೋಗುವುದಿಲ್ಲ. ಒಣಗಿದ ಹಳೇ ಹುಲ್ಲು ಹೊಸ ಚಿಗುರಿಗೆ ಬಿಸಿಲು ತಾಗದಂತೆ ಮುಚ್ಚುತ್ತದೆ, ಬೇಸಿಗೆಯಲ್ಲಿ ಬೆಂಕಿಗೆ ಆಹಾರವಾಗುತ್ತದೆ. ಹುಲ್ಲಿಗೆ ಹಲ್ಲೂ ಬೇಕು, ವಿಶ್ರಾಂತಿಯೂ ಬೇಕು.

ಮಾಳದ ಮೂವರು ಪಾಲುದಾರರು

ಮೊದಲನೆಯವರು ಕುರುಬರು, ಧನಗರರು, ನಾಲ್ಕಾರು ಆಡು ಸಾಕಿದ ಬಡ ಮನೆಗಳವರು. ದಖ್ಖನಿ ಕುರಿ ಈ ನೆಲದ ತಳಿ. ಜತ್ತ ತಾಲೂಕಿನ ಮಾಡಗ್ಯಾಳ ಊರು ಬಾಗಿದ ಮೂಗಿನ, ಎತ್ತರದ ಕುರಿಗೆ ತನ್ನ ಹೆಸರನ್ನೇ ಕೊಟ್ಟಿದೆ. ಕುರಿ ಮಾಳದಲ್ಲಿ ತಿಂದದ್ದನ್ನು ರಾತ್ರಿ ಹೊಲದಲ್ಲಿ ಗೊಬ್ಬರವಾಗಿ ಹಾಕುತ್ತದೆ. ಅದಕ್ಕೇ ರೈತರು ಕಾಳು ಕೊಟ್ಟು ಹೊಲದಲ್ಲಿ ಕುರಿ ನಿಲ್ಲಿಸಿಕೊಳ್ಳುತ್ತಿದ್ದರು. ಅಂದರೆ ಮಾಳದ ಸಾರ ಜೋಳದ ಹೊಲಕ್ಕೆ ಹೋಗುವ ದಾರಿ ಈ ಕುರಿಯೇ.

ಎರಡನೆಯವು ಕಾಡುಪ್ರಾಣಿಗಳು. ಕೃಷ್ಣಮೃಗ, ತೋಳ, ನರಿ, ನೆಲದ ಮೇಲೆ ಗೂಡು ಕಟ್ಟುವ ನೆಲಗುಬ್ಬಿಗಳು, ಚಳಿಗಾಲದಲ್ಲಿ ಮಧ್ಯ ಏಷ್ಯಾದಿಂದ ಬಂದು ರಾತ್ರಿ ಹುಲ್ಲಿನಲ್ಲೇ ಮಲಗುವ, ಮಿಡತೆ ಹಿಡಿದು ತಿನ್ನುವ ಹ್ಯಾರಿಯರ್ ಗಿಡುಗಗಳು. ಎಲ್ಲಕ್ಕಿಂತ ಅಪರೂಪದ್ದು ಎರೆಭೂತ. ಮರಾಠಿಯಲ್ಲಿ ಮಾಳಢೋಕ. ಮೀಟರ್ ಎತ್ತರ, ಗಂಡು 15 ಕಿಲೋವರೆಗೆ ತೂಗುತ್ತದೆ. ಸಾಮಾನ್ಯವಾಗಿ ವರ್ಷಕ್ಕೆ ಒಂದೇ ಮೊಟ್ಟೆ, ಅದೂ ಬರೀ ನೆಲದ ಮೇಲೆ. ಇಡೀ ಜಗತ್ತಿನಲ್ಲಿ ಕಾಡಿನಲ್ಲಿ ಉಳಿದಿರುವ ಎರೆಭೂತಗಳು 150ಕ್ಕಿಂತ ಕಡಿಮೆ ಎಂದು ಅಂದಾಜು, ಹೆಚ್ಚಿನವು ರಾಜಸ್ಥಾನದಲ್ಲಿ.

ಮೂರನೆಯವರು ನೋಡಲು, ಆಡಲು ಬರುವವರು. ಫೋಟೋ ತೆಗೆಯುವವರು, ರವಿವಾರದ ಪಾರ್ಟಿಯವರು, ಜೀಪು ಮತ್ತು ಬೈಕು ಓಡಿಸುವವರು. ಪುಣೆ ಜಿಲ್ಲೆಯ ಇಂದಾಪುರ, ಬಾರಾಮತಿ ಕಡೆ ಅರಣ್ಯ ಇಲಾಖೆಯೇ ಗೊತ್ತಾದ ದಾರಿಯಲ್ಲಿ ಹುಲ್ಲುಗಾವಲು ಸಫಾರಿ ನಡೆಸುತ್ತಿದೆ. ಅದರಿಂದ ಊರಿಗೆ ನಾಲ್ಕು ಕಾಸು ಬರಬಹುದು, "ಪಾಳು" ಎಂಬ ಹಣೆಪಟ್ಟಿಯೂ ಕಳಚಬಹುದು. ಆದರೆ ದಾರಿ ಬಿಟ್ಟು ಓಡಿದ ಒಂದು ಗಾಡಿ ಹುಲ್ಲಿನ ಬುಡವನ್ನೂ ನೆಲದ ಗೂಡನ್ನೂ ಒಟ್ಟಿಗೇ ಅರೆಯುತ್ತದೆ. ಬಿಟ್ಟುಹೋದ ಪ್ಲಾಸ್ಟಿಕ್ ಚೀಲ ಕುರಿಯ ಹೊಟ್ಟೆ ಸೇರುತ್ತದೆ.

ನಾನ್ನಜದಲ್ಲಿ ಆದದ್ದು

ಸೊಲ್ಲಾಪುರದ ಉತ್ತರಕ್ಕಿರುವ ನಾನ್ನಜದ ಕಥೆಯನ್ನು ಮಕ್ಕಳಿಗೆ ತಪ್ಪದೆ ಹೇಳಿ. 1970ರ ದಶಕದಲ್ಲಿ ಬರಪೀಡಿತ ಪ್ರದೇಶ ಕಾರ್ಯಕ್ರಮದಡಿ ಅಲ್ಲಿಯ ಕೆಲವು ತುಂಡು ಭೂಮಿಯನ್ನು ಮೇಯಿಸದಂತೆ ಕಾಯ್ದರು. ಹುಲ್ಲು ಎದ್ದಿತು, ಎರೆಭೂತಗಳು ಅಲ್ಲಿ ನೆಲೆ ಕಂಡವು. 1979ರಲ್ಲಿ ಸೊಲ್ಲಾಪುರ ಮತ್ತು ಅಹಮದನಗರ ಜಿಲ್ಲೆಗಳ ಸುಮಾರು 8,496 ಚದರ ಕಿಲೋಮೀಟರ್ ಸೇರಿಸಿ ಮಾಳಢೋಕ ಅಭಯಾರಣ್ಯ ಎಂದು ಘೋಷಿಸಿದರು. ಕಾಗದದ ಮೇಲೆ ದೊಡ್ಡ ಅಭಯಾರಣ್ಯ. ಆದರೆ ಅದರೊಳಗೆ ಹೊಲ, ರಸ್ತೆ, ಊರು, ಪೇಟೆ ಎಲ್ಲವೂ ಇದ್ದವು. ಸ್ವಂತ ಹೊಲ ಮಾರಲು, ಕೊಳ್ಳಲು ತೊಡಕಾದಾಗ ಜನ ಹಕ್ಕಿಯ ಮೇಲೆಯೇ ಸಿಟ್ಟಾದರು. ಕೊನೆಗೆ ಅದರ ವಿಸ್ತಾರವನ್ನು ಸುಮಾರು 1,222 ಚದರ ಕಿಲೋಮೀಟರಿಗೆ ಇಳಿಸಲಾಯಿತು.

ಅಷ್ಟರಲ್ಲಿ ಸುತ್ತಲ ನೆಲವೇ ಬದಲಾಗಿತ್ತು. ಭೀಮಾ ನದಿಯ ಉಜನಿ ಅಣೆಕಟ್ಟು 1980ರಲ್ಲಿ ಮುಗಿಯಿತು. ಕಾಲುವೆ, ಬೋರು ಬಂದವು. ಜೋಳದ ಹೊಲಗಳು ಕಬ್ಬು, ದ್ರಾಕ್ಷಿಗೆ ತಿರುಗಿದವು. ವಿದ್ಯುತ್ ತಂತಿಗಳು ಹೆಚ್ಚಾದವು. ಎರೆಭೂತದ ಕಣ್ಣು ಪಕ್ಕಕ್ಕೆ ಚೆನ್ನಾಗಿ ಕಾಣುತ್ತದೆ, ಮುಂದಕ್ಕೆ ಕಡಿಮೆ. ಹಾರುವಾಗ ತಂತಿ ತಪ್ಪಿಸಿಕೊಳ್ಳುವಷ್ಟು ಬೇಗ ಆ ಭಾರದ ಮೈ ತಿರುಗುವುದಿಲ್ಲ. ಇವತ್ತು ನಾನ್ನಜದಲ್ಲಿ ಒಂದು ಎರೆಭೂತ ಕಂಡರೂ ಪತ್ರಿಕೆಯಲ್ಲಿ ಸುದ್ದಿ. ಕರ್ನಾಟಕದ ರಾಣೇಬೆನ್ನೂರಿನ ಕಥೆ ಇನ್ನೊಂದು ಬಗೆ: ಎರೆಭೂತವಿದ್ದ ಬಯಲಿನಲ್ಲಿ ನೀಲಗಿರಿ ಗಿಡ ಬೆಳೆಸಿದರು. ಕೃಷ್ಣಮೃಗ ಉಳಿಯಿತು, ಬಯಲು ಬೇಡುವ ಹಕ್ಕಿ ಉಳಿಯಲಿಲ್ಲ.

ಇಲ್ಲಿ ಮಕ್ಕಳು ಗಮನಿಸಬೇಕಾದದ್ದು ಇದು. ಎರೆಭೂತಕ್ಕೆ ಒಂದೇ ತರಹದ ಹುಲ್ಲು ಸಾಲದು. ಗಂಡು ಕುಣಿದು ಕೂಗಲು ಗಿಡ್ಡ ಹುಲ್ಲಿನ ಎತ್ತರದ ಜಾಗ ಬೇಕು. ಮೊಟ್ಟೆ ಇಡಲು ನಡುಎತ್ತರದ ಹುಲ್ಲು. ತಿನ್ನಲು ಮಿಡತೆ, ಜೀರುಂಡೆ, ಕಾಳು, ಬಾರಿಹಣ್ಣು ಸಿಗುವ ಮಾಳ ಮತ್ತು ಜೋಳ, ಶೇಂಗಾದ ಹೊಲ. ಗಿಡ್ಡ, ನಡು, ಎತ್ತರ ಎಂದು ತೇಪೆ ಹಾಕಿದಂಥ ಮಾಳ ಬೇಕು. ಅಂಥ ತೇಪೆ ಹಾಕುವ ಕೆಲಸವನ್ನು ಹದವಾಗಿ ಮೇಯುವ ಕುರಿಯೇ ಮಾಡಬಲ್ಲದು.

ಎಂಟು ದಿನದ ಲೆಕ್ಕ

ಈಗ ಗಣಿತ. ಕರ್ನಾಟಕದ ಭೂಕಂದಾಯ ನಿಯಮದಲ್ಲಿ 100 ದನಗಳಿಗೆ 12 ಹೆಕ್ಟೇರ್ ಗೋಮಾಳ ಎಂಬ ಲೆಕ್ಕವಿದೆ. ಅದು ಎಷ್ಟು ದಿನಕ್ಕೆ ಸಾಲುತ್ತದೆ? ಫಲಕದ ಮೇಲೆ ಬಿಡಿಸೋಣ.

ಒಂದು ಹೆಕ್ಟೇರಿನಲ್ಲಿ ವರ್ಷಕ್ಕೆ 1,000 ಕಿಲೋ ಒಣ ಹುಲ್ಲು ಬರುತ್ತದೆ ಎಂದಿಟ್ಟುಕೊಳ್ಳಿ. ಬುಡ ಉಳಿಯಬೇಕು, ಬೀಜ ಬೀಳಬೇಕು. ಅದಕ್ಕೆ ಅರ್ಧ ಬಿಡಿ. ಉಳಿದದ್ದು 500 ಕಿಲೋ. 12 ಹೆಕ್ಟೇರಿಗೆ 6,000 ಕಿಲೋ. 250 ಕಿಲೋ ತೂಕದ ದನ ದಿನಕ್ಕೆ ತನ್ನ ತೂಕದ ನೂರಕ್ಕೆ ಮೂರರಷ್ಟು, ಅಂದರೆ ಏಳೂವರೆ ಕಿಲೋ ಒಣ ಮೇವು ತಿನ್ನುತ್ತದೆ ಎನ್ನೋಣ. 100 ದನಕ್ಕೆ 750 ಕಿಲೋ. 6,000 ಭಾಗಿಸು 750, ಉತ್ತರ 8.

ಎಂಟೇ ದಿನ! ಹುಲ್ಲು ಎರಡು ಪಟ್ಟು ಬಂತು ಎಂದುಕೊಂಡರೂ ಹದಿನಾರು ದಿನ. ಹಾಗಾದರೆ ಉಳಿದ ವರ್ಷವೆಲ್ಲ ದನಕುರಿ ಏನು ತಿಂದವು? ಕೊಯ್ದ ಹೊಲದ ಕೂಳೆ, ಜೋಳದ ಕಣಿಕೆ, ಬದು, ಹಳ್ಳದ ದಂಡೆ. ಮುಖ್ಯವಾಗಿ, ಮಂಗಳವೇಢೆ ಕಡೆ ಮಾಡುವಂಥ ಹಿಂಗಾರಿ ಜೋಳಕ್ಕಾಗಿ ಮಳೆಗಾಲದಲ್ಲಿ ಖಾಲಿ ಬಿಟ್ಟ ಎರೆ ಹೊಲ. ಮಾಳ ಯಾವತ್ತೂ ಒಂಟಿಯಾಗಿ ಊರ ದನಕುರಿ ಸಾಕಿಲ್ಲ. ಹನ್ನೆರಡು ತಿಂಗಳೂ ಕಬ್ಬು ನಿಂತರೆ ಖಾಲಿ ಹೊಲವೂ ಇಲ್ಲ, ಕೂಳೆಯೂ ಇಲ್ಲ. ಕುರಿ ಒಂದೂ ಹೆಚ್ಚಾಗದಿದ್ದರೂ ಇಡೀ ಭಾರ ಮಾಳದ ಮೇಲೆ ಬೀಳುತ್ತದೆ. ಕುರಿಗಾರ ಮಾಳ ಹಾಳು ಮಾಡಿದ ಅನ್ನುವ ಮೊದಲು ಅವನ ಮಿಕ್ಕ ಮೇವು ಎಲ್ಲಿಗೆ ಹೋಯಿತು ಎಂದು ಕೇಳಬೇಕು.

ಅಮೆರಿಕದ ಪಶ್ಚಿಮ ರಾಜ್ಯಗಳಲ್ಲೂ ಸರಕಾರಿ ಹುಲ್ಲುಗಾವಲಿನ ಜಗಳ ಹಳೆಯದು. ಅಲ್ಲಿ 1934ರ ಕಾಯ್ದೆ ಬಂದ ಮೇಲೆ ಪರವಾನಗಿ ಪಡೆದು, ತಿಂಗಳ ಲೆಕ್ಕದಲ್ಲಿ ಶುಲ್ಕ ಕೊಟ್ಟು ಮೇಯಿಸುತ್ತಾರೆ. ಕರು ಸಹಿತ ಒಂದು ಹಸು ಅಥವಾ ಐದು ಕುರಿ ಒಂದು ತಿಂಗಳು ತಿನ್ನುವ ಮೇವು ಅವರ ಒಂದು ಅಳತೆ. 1976ರ ಕಾಯ್ದೆ ಮೇವು, ವನ್ಯಜೀವಿ, ವಿಹಾರ ಮೂರನ್ನೂ ಅದೇ ಭೂಮಿಯ ಉಪಯೋಗಗಳೆಂದು ಒಟ್ಟಿಗೆ ಹೇಳಿತು. ಜಗಳ ಅಲ್ಲಿಯೂ ಮುಗಿದಿಲ್ಲ. ಆದರೆ "ಎಷ್ಟು ಪ್ರಾಣಿ" ಎಂಬುದರ ಜೊತೆ "ಎಷ್ಟು ತಿಂಗಳು" ಎಂದೂ ಕೇಳುವ ಆ ಅಳತೆ ನಮ್ಮ ಪಾಠಕ್ಕೆ ಬಹಳ ಉಪಯೋಗ.

ಚಟುವಟಿಕೆ 1: ಚೌಕದೊಳಗಿನ ಮಾಳ

ಬೇಕಾದದ್ದು: ನಾಲ್ಕು ಮೀಟರ್ ಹುರಿ, ನಾಲ್ಕು ಗೂಟ, ಅಳತೆಪಟ್ಟಿ, ನೋಟ್‌ಬುಕ್. ಕಾಲಿಗೆ ಬೂಟು ಇರಲಿ. ಹಾವಿಗೂ ಕುಸಳಿಗೂ ಅದೇ ಮದ್ದು. ಅಭಯಾರಣ್ಯದ ಒಳಗೆ ಹೋಗುವುದಾದರೆ ಮೊದಲು ಅನುಮತಿ ಪಡೆಯಿರಿ.

ಐದು ಮಕ್ಕಳ ಗುಂಪು ಮಾಡಿ. ಪ್ರತಿ ಗುಂಪು ಒಂದು ಮೀಟರ್ ಚೌಕ ಹಾಕಲಿ: ಎರಡು ಚೌಕ ಹೆಚ್ಚು ಮೇಯುವ ಕಡೆ, ಎರಡು ಬೇಲಿಯೊಳಗೆ ಅಥವಾ ಕಡಿಮೆ ಮೇಯುವ ಕಡೆ, ಒಂದು ಗಾಡಿ ಓಡಾಡಿದ ಜಾಗದಲ್ಲಿ. ಪ್ರತಿ ಚೌಕದಲ್ಲಿ ಬರೆದುಕೊಳ್ಳಬೇಕಾದ್ದು: ಹುಲ್ಲಿನ ಎತ್ತರ, ಎಷ್ಟು ಬಗೆಯ ಹುಲ್ಲು, ಬರೀ ನೆಲ ನೂರಕ್ಕೆ ಎಷ್ಟು, ಮಿಡತೆ ಎಷ್ಟು, ಹಿಕ್ಕೆ ಯಾರದು. ಹುಲ್ಲಿನ ಹೆಸರು ಗೊತ್ತಾಗದಿದ್ದರೆ ಕುರಿ ಕಾಯುವ ಹಿರಿಯರೊಬ್ಬರನ್ನು ಜೊತೆಗೆ ಕರೆದುಕೊಳ್ಳಿ. ಹಕ್ಕಿಗೂಡು ಹುಡುಕಬೇಡಿ; ಆಕಸ್ಮಿಕವಾಗಿ ಕಂಡರೆ ಮುಟ್ಟದೆ ಹಿಂದೆ ಸರಿಯಿರಿ.

ಚಟುವಟಿಕೆ 2: ಹನ್ನೆರಡು ತಿಂಗಳ ಪಂಚಾಂಗ

ವರ್ಗವನ್ನು ನಾಲ್ಕು ಪಾಲು ಮಾಡಿ: ಕುರಿಗಾರರು, ಕಾಡುಪ್ರಾಣಿಗಳ ಪರ ವಕೀಲರು, ನೋಡಲು ಬರುವವರು, ಗ್ರಾಮಸಭೆ. ಫಲಕದ ಮೇಲೆ ಹನ್ನೆರಡು ತಿಂಗಳ ಕೋಷ್ಟಕ ಬರೆಯಿರಿ. ಯಾವ ತಿಂಗಳು ಯಾರಿಗೆ ಮಾಳ ಬೇಕೇಬೇಕು, ಯಾವಾಗ ಬಿಟ್ಟುಕೊಡಬಹುದು ಎಂದು ಪ್ರತಿ ಗುಂಪು ತುಂಬಲಿ.

ಜೂನ್‌ನಿಂದ ಸೆಪ್ಟೆಂಬರ್: ಹುಲ್ಲು ಏಳುವ ಕಾಲ, ನೆಲದ ಹಕ್ಕಿಗಳು ಮೊಟ್ಟೆ ಇಡುವ ಕಾಲ. ವಕೀಲರ ಗುಂಪು "ಮಾಳ ಪೂರ್ತಿ ಬಂದ್" ಎನ್ನುತ್ತದೆ. ಆಗ ಕುರಿಗಾರರ ಮನೆಯ ಹುಡುಗ ಎದ್ದು ಕೇಳಬಹುದು: "ಮಳಿಗಾಲದಾಗ ಹೊಲಾ ಎಲ್ಲಾ ಬಿತ್ತಿರ್ತಾರ್ರಿ, ಮಾಳಾನೂ ಬಂದ್ ಮಾಡಿದ್ರ ಕುರಿ ತಲಿ ಮ್ಯಾಲ ಹೊತ್ಕೊಂಡು ತಿರಗಬೇಕೇನ್ರಿ?" ಆ ಪ್ರಶ್ನೆಯನ್ನು ಅಲ್ಲಿಗೇ ಮುಚ್ಚಬೇಡಿ, ಪಾಠದ ಜೀವ ಅದರಲ್ಲೇ ಇದೆ. ಮಾಳವನ್ನು ನಾಲ್ಕು ಭಾಗ ಮಾಡಿ, ಪ್ರತಿ ವರ್ಷ ಒಂದೊಂದು ಭಾಗಕ್ಕೆ ಮಳೆಗಾಲ ಪೂರ್ತಿ ವಿಶ್ರಾಂತಿ ಕೊಟ್ಟರೆ? ಗೂಡು ಇರುವ ಕಡೆಯನ್ನೇ ಆ ವರ್ಷ ಬಿಟ್ಟರೆ? ಬಿಟ್ಟ ಭಾಗದ ಹುಲ್ಲನ್ನು ಬೀಜ ಬಿದ್ದ ಮೇಲೆ ಕೊಯ್ದು ಕುರಿಗಾರರಿಗೇ ಕೊಟ್ಟರೆ? ಉತ್ತರ ಮಕ್ಕಳೇ ಹುಡುಕಲಿ.

ಅಕ್ಟೋಬರ್‌ನಿಂದ ಮಾರ್ಚ್: ಬೀಜ ಬಿದ್ದಿದೆ, ಹದವಾಗಿ ಮೇಯಿಸಬಹುದು. ಆದರೆ ಸಂಜೆಯಾದ ಮೇಲೆ ಗಿಡುಗಗಳು ಹುಲ್ಲಿನಲ್ಲಿ ಇಳಿಯುತ್ತವೆ, ತೋಳ ಮರಿ ಹಾಕುವುದೂ ಹೆಚ್ಚಾಗಿ ಚಳಿಗಾಲದಲ್ಲೇ. ಆದ್ದರಿಂದ ನೋಡುವವರ ಗಾಡಿ ಗೊತ್ತಾದ ದಾರಿ ಬಿಡಬಾರದು, ಕತ್ತಲಾದ ಮೇಲೆ ಇರಬಾರದು.

ಏಪ್ರಿಲ್, ಮೇ: ಮೇವು, ನೀರು ಎರಡಕ್ಕೂ ತ್ರಾಸು. ಒಂದೇ ಕೆರೆಗೆ ಕುರಿಯೂ ಜಿಂಕೆಯೂ ಬರುತ್ತವೆ. ಯಾರಿಗೆ ಯಾವ ಹೊತ್ತು?

ಕಾನೂನಿನ ಒಂದು ಮಾತನ್ನೂ ಮಕ್ಕಳಿಗೆ ತಿಳಿಸಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ರಾಷ್ಟ್ರೀಯ ಉದ್ಯಾನದಲ್ಲಿ ಮೇಯಿಸುವುದು ನಿಷಿದ್ಧ. ಅಭಯಾರಣ್ಯದಲ್ಲಿ ಅದನ್ನು ನಿಯಂತ್ರಿಸುವ ಅಧಿಕಾರ ಮುಖ್ಯ ವನ್ಯಜೀವಿ ಪಾಲಕರಿಗೆ ಇದೆ. ಊರ ಸಾರ್ವಜನಿಕ ಭೂಮಿಯ ಅತಿಕ್ರಮಣ ತೆಗೆಸಲು ಸುಪ್ರೀಂ ಕೋರ್ಟ್ 2011ರಲ್ಲಿ ಎಲ್ಲ ರಾಜ್ಯಗಳಿಗೆ ಹೇಳಿದೆ. ಅಂದರೆ ಮಾಳಕ್ಕೆ ವಾರಸುದಾರರಿದ್ದಾರೆ. ಅದು ಯಾರೂ ಕೇಳದ ಜಾಗ ಅಲ್ಲ.

ಚರ್ಚೆಗೆ

1. ಗ್ಯಾರೆಟ್ ಹಾರ್ಡಿನ್ 1968ರಲ್ಲಿ, ಎಲ್ಲರಿಗೂ ಬಿಟ್ಟ ಹುಲ್ಲುಗಾವಲು ಕಡೆಗೆ ಹಾಳಾಗುತ್ತದೆ ಎಂದು ವಾದಿಸಿದರು. ಜನರೇ ಕೂಡಿ ನಿಯಮ ಮಾಡಿಕೊಂಡು ಉಳಿಸಿದ ಉದಾಹರಣೆಗಳನ್ನು ತೋರಿಸಿದ ಎಲಿನಾರ್ ಆಸ್ಟ್ರಂ ಅವರಿಗೆ 2009ರಲ್ಲಿ ನೊಬೆಲ್ ಬಂತು. ನಿಮ್ಮ ಊರ ಗಾಯರಾನ ಯಾರ ಮಾತಿಗೆ ಸಾಕ್ಷಿ?

2. ಮಾಳದಲ್ಲಿ ಸಸಿ ನೆಡುವುದು ಯಾವಾಗಲೂ ಒಳ್ಳೆಯದೇ? ರಾಣೇಬೆನ್ನೂರನ್ನು ನೆನೆದು ಉತ್ತರಿಸಿ.

3. ನಿಮ್ಮ ಮನೆಯ ಅಜ್ಜ ಅಜ್ಜಿಯನ್ನು ಕೇಳಿ: ಅವರು ಚಿಕ್ಕವರಿದ್ದಾಗ ಮಾಳ ಎಷ್ಟು ದೊಡ್ಡದಿತ್ತು? ಈಗ ಆ ಜಾಗದಲ್ಲಿ ಏನಿದೆ?

ಮೂರನೇ ಪ್ರಶ್ನೆಯ ಉತ್ತರಗಳನ್ನು ಒಂದು ದೊಡ್ಡ ಹಾಳೆಯ ಮೇಲೆ ಊರ ನಕಾಶೆಯಾಗಿ ಬಿಡಿಸಿ ವರ್ಗದ ಗೋಡೆಗೆ ಹಚ್ಚಿ. ಕುರಿಗಾರ, ಹಕ್ಕಿ, ನೋಡುಗ ಮೂವರ ಜಗಳವನ್ನು ಪಂಚಾಂಗ ಹಾಕಿ ತಿಂಗಳ ಲೆಕ್ಕದಲ್ಲಿ ಬಗೆಹರಿಸಬಹುದು. ಹಂಚಿಕೊಳ್ಳಬೇಕಾದ ಮಾಳವೇ ಕರಗಿ ಹೋದರೆ ಯಾವ ಪಂಚಾಂಗವೂ ನಡೆಯುವುದಿಲ್ಲ. ಆ ನಕಾಶೆಯನ್ನು ಮುಂದಿನ ಗ್ರಾಮಸಭೆಗೆ ಮಕ್ಕಳ ಕೈಯಲ್ಲೇ ಕೊಟ್ಟು ಕಳಿಸಿರಿ.